ಶಾಲು ಬೇಡ, ಇಬ್ಬರೂ ಒಟ್ಟಿಗೆ ಬನ್ನಿ
ಎಂಬತ್ತು ದಾಟಿದ ರಾತ್ರಿಶಾಲೆಯ ಮಾಸ್ಟ್ರ ಮನದ ಮಾತು

ಮುಂಬಯಿ: ಮಹಾನಗರದ ತುಳು-ಕನ್ನಡಿಗರ ಸಮಾರಂಭವೆಂದರೆ ಶಾಲು, ಫಲಪುಷ್ಪ, ಸ್ಮರಣಿಕೆ, ಸನ್ಮಾನಪತ್ರ ಇದ್ದದ್ದೇ. ಆದರೆ ಸನ್ಮಾನದ ದಿನ ಗೊತ್ತುಪಡಿಸಲು ಮನೆಗೆ ಬಂದ ಹಳೆ ವಿದ್ಯಾರ್ಥಿಗಳಿಗೆ ಚಹಾ ಕೊಟ್ಟು, "ಸದ್ಯಕ್ಕೆ ಬೇಡ" ಎಂದು ಹಿಂದೆ ಕಳುಹಿಸಿದ ಮಾಸ್ಟ್ರೊಬ್ಬರು ಡೊಂಬಿವಲಿ ಪೂರ್ವದಲ್ಲಿದ್ದಾರೆ. ಫೋರ್ಟ್ ಪರಿಸರದ ರಾತ್ರಿಶಾಲೆಯೊಂದರಲ್ಲಿ ಮೂರು ದಶಕ ಕನ್ನಡ ಮತ್ತು ಇತಿಹಾಸ ಕಲಿಸಿದ ಇವರ ಬಳಿ ಕಲಿತವರಲ್ಲಿ ಹೊಟೇಲು ಮಾಲಕರಿದ್ದಾರೆ, ಬ್ಯಾಂಕಿನವರಿದ್ದಾರೆ, ವಕೀಲರಿದ್ದಾರೆ. ತನ್ನ ಹೆಸರು ಪತ್ರಿಕೆಯಲ್ಲಿ ಬರಬಾರದೆಂಬುದು ಅವರ ಷರತ್ತು. "ಮಾಸ್ಟ್ರು ಎಂದರೆ ಸಾಕು, ಬೇಕಾದವರಿಗೆ ಗೊತ್ತಾಗುತ್ತದೆ" ಎನ್ನುತ್ತಾರೆ.

ಸನ್ಮಾನ ಬೇಡವೆನ್ನಲು ಕಾರಣವಿತ್ತು. ಹಳೆ ವಿದ್ಯಾರ್ಥಿಗಳು ಸುಮಾರು ಅರುವತ್ತು ಮಂದಿ ಸೇರಿ ಮೊಬೈಲಿನಲ್ಲಿ ವಾಟ್ಸಪ್ ಬಳಗವೊಂದನ್ನು ಮಾಡಿಕೊಂಡಿದ್ದಾರೆ. 2024ರ ಲೋಕಸಭಾ ಚುನಾವಣೆಯ ಸಮಯದಲ್ಲಿ ಅದರಲ್ಲಿ ಇಬ್ಬರ ನಡುವೆ ಮಾತಿಗೆ ಮಾತು ಬೆಳೆಯಿತು. ಒಬ್ಬರು ಘಾಟ್ಕೋಪರಿನಲ್ಲಿ ಸ್ವಂತ ಹೊಟೇಲು ನಡೆಸುವವರು, ಇನ್ನೊಬ್ಬರು ವಿಮಾ ಕಚೇರಿಯಿಂದ ನಿವೃತ್ತರಾದವರು. ಹಿಂದೆ ಒಂದೇ ಹೊಟೇಲಿನಲ್ಲಿ ದುಡಿದು, ಒಂದೇ ಬೆಂಚಿನಲ್ಲಿ ಕುಳಿತು ಎಸ್ಸೆಸ್ಸಿ ಪಾಸಾದವರು. ಪಕ್ಷದ ವಿಷಯದಿಂದ ಶುರುವಾದ ಮಾತು ದೇವರಿಗೆ, ಜಾತಿಗೆ, ಕೊನೆಗೆ ಮನೆಯವರ ತನಕ ಹೋಯಿತು. ಒಬ್ಬರು ಬಳಗ ಬಿಟ್ಟರು. ಇನ್ನೊಬ್ಬರು ಅವರ ಮಗಳ ಮದುವೆಗೆ ಹೋಗಲಿಲ್ಲ.

ಅದೇ ವರ್ಷ ದಸರೆ ಕಳೆದ ಮೇಲೆ ಸನ್ಮಾನದ ಪ್ರಸ್ತಾಪ ಬಂದಾಗ ಮಾಸ್ಟ್ರು ಹೇಳಿದ್ದು ಇಷ್ಟೇ: "ನನಗೆ ಶಾಲು ಬೇಡ. ಕಪಾಟಿನಲ್ಲಿ ಇಟ್ಟು ನುಸಿ ಹಿಡಿಯುತ್ತದೆ. ಅವರಿಬ್ಬರನ್ನು ಒಟ್ಟಿಗೆ ನನ್ನ ಮನೆಗೆ ಕರಕೊಂಡು ಬನ್ನಿ. ಮತ್ತೆ ನೋಡುವ."

ಈ ಹಟದ ಹಿಂದೆ ಅವರದೇ ಒಂದು ನೋವಿದೆ. ಅದು ತಿಳಿಯಬೇಕಾದರೆ ಅವರ ಬದುಕಿನ ದಾರಿಯನ್ನು ಸ್ವಲ್ಪ ನೋಡಬೇಕು.

ಟೇಬಲ್ ಒರೆಸಿದ ಕೈಯಲ್ಲಿ ಸೀಮೆಸುಣ್ಣ

ಉಡುಪಿ ಸಮೀಪದ ಹಳ್ಳಿಯಲ್ಲಿ 1942ರಲ್ಲಿ ಹುಟ್ಟಿದ ಮಾಸ್ಟ್ರು ಏಳನೇ ತರಗತಿ ಮುಗಿಸಿ, 1960ರಲ್ಲಿ ಊರಿನವರೊಬ್ಬರ ಜೊತೆ ಮುಂಬಯಿಗೆ ಬಂದರು. ಫೋರ್ಟಿನ ಉಡುಪಿ ಹೊಟೇಲಿನಲ್ಲಿ ಮೊದಲು ಕಪ್ಪು ಬಸಿ ತೊಳೆಯುವ ಕೆಲಸ, ಬಳಿಕ ಟೇಬಲ್ ಒರೆಸುವ ಕೆಲಸ. ರಾತ್ರಿ ಗಿರಾಕಿಗಳು ಹೋದ ಮೇಲೆ ಅದೇ ಟೇಬಲುಗಳನ್ನು ಜೋಡಿಸಿ ಮಲಗುವುದು. ಸಂಜೆ ಎರಡು ಮೂರು ಗಂಟೆ ರಾತ್ರಿಶಾಲೆಗೆ ಹೋಗಲು ಮಾಲಕರು ಬಿಟ್ಟದ್ದನ್ನು ಅವರು ಈಗಲೂ ನೆನೆಯುತ್ತಾರೆ. ಅಂದಿನ ಮುಂಬಯಿಯಲ್ಲಿ ಹಗಲು ದುಡಿದು ರಾತ್ರಿ ಕಲಿತು ಮೇಲೆ ಬಂದ ತುಳು-ಕನ್ನಡಿಗರ ಸಂಖ್ಯೆ ಸಣ್ಣದಲ್ಲ.

ಎಸ್ಸೆಸ್ಸಿ ಮುಗಿಸಿ, ಶಿಕ್ಷಕ ತರಬೇತಿ ಪಡೆದು, 1969ರಲ್ಲಿ ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಶಿಕ್ಷಕರಾದರು. ಹಗಲು ಅಲ್ಲಿ ಪಾಠ, ಸಂಜೆ ತಾನು ಕಲಿತ ರಾತ್ರಿಶಾಲೆಯಲ್ಲೇ ಪಾಠ. 2000ನೇ ಇಸವಿಯಲ್ಲಿ ನಿವೃತ್ತಿ. ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಪ್ರಕಟಿಸುತ್ತದೆ ಎಂದರೆ ಊರಿನ ಅನೇಕರಿಗೆ ಆಶ್ಚರ್ಯ. "ಪುಸ್ತಕ ಉಂಟು, ಹಿಡಿಯುವ ಕೈಗಳು ಕಡಿಮೆಯಾದವು. ಯಾರನ್ನು ದೂರುವುದು? ನಾನೇ ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಿದವ" ಎಂದು ಅವರು ತಪ್ಪನ್ನು ತನ್ನ ಮೇಲೂ ಹಾಕಿಕೊಳ್ಳುತ್ತಾರೆ.

ದಿವಾ ಬಂತು, ಸಾಕು

ರಾತ್ರಿಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು ಮಾಸ್ಟ್ರ ಅತ್ಯಂತ ಹತ್ತಿರದ ಗೆಳೆಯ. ಹಗಲು ಬ್ಯಾಂಕಿನಲ್ಲಿ ಗುಮಾಸ್ತ, ಸಂಜೆ ಮಾಸ್ತರಿಕೆ. ಇಬ್ಬರ ಮನೆಯೂ ಡೊಂಬಿವಲಿಯಲ್ಲಿ. ಒಂಬತ್ತೂವರೆಗೆ ಶಾಲೆ ಬಿಟ್ಟು, ವಿ.ಟಿ.ಯಲ್ಲಿ ಲೋಕಲ್ ಹಿಡಿದರೆ ಒಂದು ಗಂಟೆಗೂ ಮಿಕ್ಕಿದ ಪ್ರಯಾಣ. ಆ ಪ್ರಯಾಣವಿಡೀ ಜಗಳ. ಮಾಸ್ಟ್ರು ಸಮಾಜವಾದಿ ವಿಚಾರದವರು. ಗೆಳೆಯ ಇಂದಿರಾ ಗಾಂಧಿಯ ಕಾಲದಲ್ಲಿ ಕಾಂಗ್ರೆಸ್ಸು, ಆಮೇಲೆ ಬೇರೆ ದಾರಿ. ಮನೆಗೆ ಮಾತ್ರ ಜಗಳ ಕೊಂಡುಹೋಗಬಾರದೆಂದು ಇಬ್ಬರೂ ಒಂದು ನಿಯಮ ಮಾಡಿಕೊಂಡಿದ್ದರು. ದಿವಾ ಸ್ಟೇಷನ್ ಬಂದ ಕೂಡಲೇ ರಾಜಕೀಯ ಬಂದ್. "ದಿವಾ ಬಂತು, ಸಾಕು" ಎಂದರೆ ಮುಗಿಯಿತು. ಆಮೇಲೆ ಡೊಂಬಿವಲಿ ತನಕ ಮಕ್ಕಳ ಶಾಲೆ, ಊರಿನ ಅಡಿಕೆ, ತರಕಾರಿಯ ರೇಟು. ಇದನ್ನು ತರಗತಿಯಲ್ಲೂ ಹೇಳುತ್ತಿದ್ದುದರಿಂದ ವಿದ್ಯಾರ್ಥಿಗಳ ಬಾಯಲ್ಲೂ ಆ ಮಾತು ಹರಿದಾಡಿತು.

ಜಗಳದ ದೊಡ್ಡ ಪಾಲು ಜಾರ್ಜ್ ಫೆರ್ನಾಂಡಿಸರದ್ದು. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, 1949ರಲ್ಲಿ ಬರಿಗೈಯಲ್ಲಿ ಮುಂಬಯಿಗೆ ಬಂದು, ಕಾರ್ಮಿಕ ನಾಯಕರಾಗಿ ಬೆಳೆದ ಜಾರ್ಜ್ 1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಿಂದ ಸ್ಪರ್ಧಿಸಿ, ಸೋಲಿಲ್ಲದ ಸರದಾರರೆನಿಸಿದ್ದ ಎಸ್. ಕೆ. ಪಾಟೀಲರನ್ನು ಸೋಲಿಸಿದರು. ಆಗ ಮಾಸ್ಟ್ರಿಗೆ 25 ವರ್ಷ. ಹೊಟೇಲಿನ ವಿಳಾಸದಲ್ಲೇ ಮತದಾರರ ಪಟ್ಟಿಯಲ್ಲಿ ಹೆಸರಿತ್ತು. ಅದು ಅವರ ಮೊದಲ ಮತ. "ನಮ್ಮ ಕಡೆಯ, ನಮ್ಮಂತೆಯೇ ಬರಿಗೈಯಲ್ಲಿ ಬಂದ ಹುಡುಗ ಅಂಥವರನ್ನು ಸೋಲಿಸಬಹುದಾದರೆ ನಾವು ಎಸ್ಸೆಸ್ಸಿ ಪಾಸಾಗಲಾರೆವಾ ಎಂದು ಕಂಡಿತು" ಎಂದು ನಗುತ್ತಾರೆ.

1974ರ ರೈಲ್ವೆ ಮುಷ್ಕರ, 1975ರ ತುರ್ತು ಪರಿಸ್ಥಿತಿ, ಜೈಲಿನಲ್ಲಿದ್ದುಕೊಂಡೇ 1977ರಲ್ಲಿ ಬಿಹಾರದ ಮುಜಫರಪುರದಿಂದ ಗೆದ್ದದ್ದು, ಇವೆಲ್ಲ ಮಾಸ್ಟ್ರಿಗೆ ಹೆಮ್ಮೆಯ ವಿಷಯ. ತುರ್ತು ಪರಿಸ್ಥಿತಿಯಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ ಎಂದು ಗೆಳೆಯ, ಬಾಯಿ ಮುಚ್ಚಿಸಿ ರೈಲು ಓಡಿಸುವುದಾದರೆ ತಡವಾಗಿ ಬರಲಿ ಎಂದು ಇವರು. ಮುಂದೆ ಗೆಳೆಯನಿಗೂ ಸರದಿ ಸಿಕ್ಕಿತು. 1979ರಲ್ಲಿ ಲೋಕಸಭೆಯಲ್ಲಿ ಮೊರಾರ್ಜಿ ದೇಸಾಯಿ ಸರಕಾರವನ್ನು ಬಲವಾಗಿ ಸಮರ್ಥಿಸಿ ಮಾತನಾಡಿದ ಜಾರ್ಜ್, ಅದರ ಬೆನ್ನಿಗೇ ಸರಕಾರದಿಂದ ಹೊರಬಂದರು. 1998ರಲ್ಲಿ ವಾಜಪೇಯಿ ಸರಕಾರದಲ್ಲಿ ರಕ್ಷಣಾ ಸಚಿವರಾದರು. "ಎಲ್ಲಿ ಹೋಯಿತು ನಿನ್ನ ಸಮಾಜವಾದ?" ಎಂದು ಗೆಳೆಯ ಛೇಡಿಸಿದಾಗ ಮಾಸ್ಟ್ರ ಬಳಿ ಉತ್ತರವಿರಲಿಲ್ಲ.

ಆದರೆ ಅದೇ ವರ್ಷ ಜನವರಿ 26ರಂದು ಕೊಂಕಣ ರೈಲುಮಾರ್ಗ ಪೂರ್ತಿಯಾಗಿ ತೆರೆದುಕೊಂಡಿತ್ತು. ಜಾರ್ಜ್ ರೈಲ್ವೆ ಸಚಿವರಾಗಿದ್ದಾಗ 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಗಿತ್ತು. ಗೆಳೆಯರಿಬ್ಬರೂ ಕುಟುಂಬ ಸಮೇತ ಆ ದಾರಿಯಲ್ಲಿ ಮೊದಲ ಬಾರಿ ಊರಿಗೆ ಹೋದಾಗ, ಸುರಂಗಗಳ ಮೇಲೆ ಸುರಂಗ ದಾಟುತ್ತಿದ್ದಂತೆ ಗೆಳೆಯನೇ ಹೇಳಿದರಂತೆ: "ಇರಲಿ ಮಾರಾಯ, ಇದೊಂದಕ್ಕೆ ಜಾರ್ಜಿಗೆ ಮಾಫಿ."

"ನಮ್ಮವರಲ್ಲಿ ಒಬ್ಬ ನಾಯಕನೆಂದರೆ ಒಂದೋ ದೇವರು, ಇಲ್ಲವೇ ಕಳ್ಳ. ಮಾತು ಬದಲಿಸಿದ ಜಾರ್ಜ್ ಕೂಡಾ ಅವರೇ, ಊರಿಗೆ ರೈಲು ಬರಲು ಕಾರಣರಾದ ಜಾರ್ಜ್ ಕೂಡಾ ಅವರೇ. ಎರಡನ್ನೂ ಒಟ್ಟಿಗೆ ಹೇಳಲು ಕಲಿಯಬೇಕು. ಇತಿಹಾಸದ ಪಾಠವೆಂದರೆ ಅಷ್ಟೇ" ಎಂಬುದು ಮಾಸ್ಟ್ರ ಅಭಿಪ್ರಾಯ.

ನಂಬಿಕೆ ನಿನ್ನದು, ಅರ್ಥ ನನ್ನದು

ಗೆಳೆಯ ಮಹಾ ದೈವಭಕ್ತ. ಶ್ರಾವಣ ಬಂದರೆ ಶನಿಪೂಜೆ, ಶನಿಗ್ರಂಥ ಪಾರಾಯಣ. ಮಾಸ್ಟ್ರಿಗೆ ಗ್ರಹಗತಿಯಲ್ಲಿ ನಂಬಿಕೆಯಿಲ್ಲ. ರಾಹುಕಾಲದಲ್ಲೇ ಶಾಲೆಯ ಪರೀಕ್ಷೆ ಶುರುಮಾಡಿಸುತ್ತಿದ್ದವರು. ಆದರೂ ಗೆಳೆಯ ಗ್ರಂಥ ಓದಿದರೆ ಅರ್ಥ ಹೇಳಲು ಕೂರುತ್ತಿದ್ದವರು ಇವರೇ. "ನಂಬಿಕೆ ನಿನ್ನದು, ಅರ್ಥ ನನ್ನದು" ಎಂಬುದು ಇಬ್ಬರ ನಡುವಿನ ಒಪ್ಪಂದ. ಇಡೀ ರಾತ್ರಿ ಹೊಟೇಲು ಹುಡುಗರು, ಮಿಲ್ಲಿನವರು, ಅಂಗಡಿಯವರು ಒಂದೇ ಚಾಪೆಯಲ್ಲಿ ಕುಳಿತು ಕತೆ ಕೇಳುವುದನ್ನು ಬಿಟ್ಟರೆ ತನಗೂ ನಷ್ಟವೆಂದು ಅವರಿಗೆ ಗೊತ್ತಿತ್ತು.

ವಿಕ್ರಮರಾಜನ ಸಭೆಯಲ್ಲಿ ಗ್ರಹಗಳಲ್ಲಿ ಯಾರು ದೊಡ್ಡವರೆಂಬ ಚರ್ಚೆ. ರಾಜ ಶನಿಯನ್ನು ಹೀಯಾಳಿಸುತ್ತಾನೆ. ಅಲ್ಲಿಂದ ಏಳೂವರೆ ವರ್ಷದ ಸಂಕಟ. ಈ ಪ್ರಸಂಗಕ್ಕೆ ಮಾಸ್ಟ್ರು ಹೇಳುತ್ತಿದ್ದ ಅರ್ಥ ಬೇರೆ. "ಗ್ರಹ ಕಾಡಿತೋ ಬಿಟ್ಟಿತೋ, ನಾಲ್ಕು ಜನರ ಎದುರು ಒಬ್ಬನನ್ನು ಹೀನಾಯ ಮಾಡಿದ್ದು ರಾಜನನ್ನು ಕಾಡಿತು." ನೂರಾರು ಪೂಜೆಗಳಲ್ಲಿ ಈ ಮಾತು ಹೇಳಿ ಚಪ್ಪಾಳೆ ಗಿಟ್ಟಿಸಿದವರು ತಾನೇ ಅದನ್ನು ಮರೆತೆ ಎನ್ನುವಾಗ ಅವರ ಧ್ವನಿ ಕುಗ್ಗುತ್ತದೆ.

ಅಗ್ರಹಾರದ ಹೆಣ

ಸಿನಿಮಾ ವಿಷಯದಲ್ಲೂ ಗೆಳೆಯರದ್ದು ಎರಡು ದಾರಿ. ಮಾಟುಂಗದ ಅರೋರಾ ಟಾಕೀಸು ದಕ್ಷಿಣದ ಚಿತ್ರಗಳಿಗೆ ಹೆಸರಾಗಿದ್ದ ಕಾಲ. ಕನ್ನಡ ಚಿತ್ರ ಎಲ್ಲಿ ಬಂದರೂ ಭಾನುವಾರ ಬೆಳಿಗ್ಗೆ ಹುಡುಗರನ್ನು ಕಟ್ಟಿಕೊಂಡು ಹೊರಡುವುದು ಗೆಳೆಯನ ಕ್ರಮ. ಡಾ. ರಾಜ್‌ಕುಮಾರ್ ಎಂದರೆ ಪ್ರಾಣ. ಸಿದ್ದಲಿಂಗಯ್ಯನವರ ನಿರ್ದೇಶನದ 'ಬಂಗಾರದ ಮನುಷ್ಯ' 1972ರಲ್ಲಿ ತೆರೆಕಂಡಿತು. ಅದನ್ನು ನೋಡಿ ಬಂದ ಹುಡುಗರಲ್ಲಿ ಅರ್ಧ ಮಂದಿ ಊರಿಗೆ ಹೋಗಿ ಬೇಸಾಯ ಮಾಡುತ್ತೇವೆಂದು ಹೊರಟರು. ಇಬ್ಬರು ನಿಜವಾಗಿ ಹೋದರು. ಅವರಲ್ಲಿ ಒಬ್ಬರು ಮುಂದಿನ ಮಳೆಗಾಲಕ್ಕೆ ಹೊಟೇಲಿಗೇ ಮರಳಿದರು.

ಮಾಸ್ಟ್ರ ಮನಸ್ಸಿನಲ್ಲಿ ಕುಳಿತದ್ದು 'ಸಂಸ್ಕಾರ'. ಯು. ಆರ್. ಅನಂತಮೂರ್ತಿಯವರ ಕಾದಂಬರಿ ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ಮಿಸಿ ನಿರ್ದೇಶಿಸಿದ ಈ ಚಿತ್ರಕ್ಕೆ ಮೊದಲು ಸೆನ್ಸಾರಿನ ತಡೆ ಬಂದಿತ್ತು. ಆಮೇಲೆ ರಾಷ್ಟ್ರಮಟ್ಟದಲ್ಲಿ 1970ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಜಾರ್ಜ್ ಅವರ ಸ್ನೇಹಿತರಾಗಿದ್ದ ಈ ಕಲಾವಿದೆಯನ್ನು ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಆಸ್ತಮಾದಿಂದ ಜರ್ಜರಿತರಾಗಿ 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದವರು ಕೆಲವೇ ದಿನಗಳಲ್ಲಿ ತೀರಿಕೊಂಡರು. "ರಾಜಕೀಯ ಬೇರೆ, ಸಿನಿಮಾ ಬೇರೆ ಎಂದು ಯಾರಾದರೂ ಹೇಳಿದರೆ ನನಗೆ ಚಂದ್ರಿಯ ನೆನಪಾಗುತ್ತದೆ" ಎನ್ನುತ್ತಾರೆ ಮಾಸ್ಟ್ರು.

ಆ ಕತೆಯಲ್ಲಿ ಪ್ಲೇಗಿನಿಂದ ಸತ್ತ ನಾರಣಪ್ಪನ ಹೆಣ ಮನೆಯೊಳಗೆ ಬಿದ್ದಿದೆ. ಸಂಸ್ಕಾರ ಯಾರು ಮಾಡಬೇಕೆಂಬ ವಾದ ಅಗ್ರಹಾರದಲ್ಲಿ ಮುಗಿಯುವುದೇ ಇಲ್ಲ. ಕಾದಂಬರಿಯಲ್ಲಿ ಕಡೆಗೆ ಚಂದ್ರಿಯೇ ಬ್ಯಾರಿಯೊಬ್ಬನ ನೆರವಿನಿಂದ ರಾತ್ರೋರಾತ್ರಿ ದಹನ ಮಾಡಿಸುತ್ತಾಳೆ. ಚಿತ್ರ ನೋಡಿ ಬಂದ ಗೆಳೆಯ, "ಇದೆಂಥ ಸಿನಿಮಾ, ಒಂದು ಹೆಣ ಎತ್ತಲಿಕ್ಕೆ ಎರಡು ಗಂಟೆ!" ಎಂದು ಗೊಣಗಿದ್ದರು. ಆ ಮಾತು ಅರ್ಧ ಶತಮಾನದ ಬಳಿಕ ಬೇರೆ ರೀತಿಯಲ್ಲಿ ಎದುರು ನಿಂತೀತೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಹತ್ತಕ್ಕೆ ಸೊನ್ನೆ

ಹಲವು ವರ್ಷ ಮರೆವಿನ ಕಾಯಿಲೆಯಿಂದ ಬಳಲಿದ ಜಾರ್ಜ್ ಫೆರ್ನಾಂಡಿಸ್ 2019ರ ಜನವರಿ 29ರಂದು ನಿಧನರಾದರು. ಅಂದು ಗೆಳೆಯನೇ ಫೋನ್ ಮಾಡಿದರು. "ಇಡೀ ಮುಂಬಯಿ ಬಂದ್ ಮಾಡಿಸುತ್ತಿದ್ದ ಮನುಷ್ಯನಿಗೆ ಕೊನೆಗೆ ಯಾವುದೂ ನೆನಪಿರಲಿಲ್ಲವಲ್ಲ" ಎಂದು ಮರುಗಿದರು. ಸುಮಾರು ಒಂದು ಗಂಟೆ ಮಾತನಾಡಿದರು. ಅದೇ ಅವರಿಬ್ಬರ ಕೊನೆಯ ದೀರ್ಘ ಮಾತುಕತೆ.

ಅದೇ ವರ್ಷ ಚುನಾವಣೆಯ ಕಾವಿನಲ್ಲಿ ಗೆಳೆಯ ಬಳಗಕ್ಕೆ ಒಂದು ಸಂದೇಶ ಕಳುಹಿಸಿದರು. ಎಲ್ಲಿಂದಲೋ ಬಂದದ್ದನ್ನು ಮುಂದಕ್ಕೆ ದಾಟಿಸಿದ್ದು. ಅದರಲ್ಲಿದ್ದ ಇಸವಿಯೂ ತಪ್ಪು, ವಿಷಯವೂ ತಪ್ಪು. ಮಾಸ್ಟ್ರು ಉತ್ತರಪತ್ರಿಕೆ ತಿದ್ದುವಂತೆ ಒಂದೊಂದೇ ತಪ್ಪು ಎತ್ತಿ ತೋರಿಸಿ, ಕೊನೆಯಲ್ಲಿ "ಹತ್ತಕ್ಕೆ ಸೊನ್ನೆ" ಎಂದು ಬರೆದರು. ವಿದ್ಯಾರ್ಥಿಗಳು ನಕ್ಕರು. ಗೆಳೆಯ ಅದೇ ರಾತ್ರಿ ಬಳಗ ಬಿಟ್ಟರು.

"ನಾನು ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ಅವನೂ ಮಾಸ್ಟ್ರು. ಅವನ ಮಕ್ಕಳ ಎದುರು ಅವನಿಗೆ ಸೊನ್ನೆ ಕೊಟ್ಟೆ. ಲೋಕಲಿನಲ್ಲಿ ಇದಕ್ಕಿಂತ ದೊಡ್ಡ ಜಗಳ ಮಾಡಿದ್ದೆವು. ಆದರೆ ಅಲ್ಲಿ ಮುಖ ಕಾಣುತ್ತಿತ್ತು, ದಿವಾ ಬರುತ್ತಿತ್ತು. ಮೊಬೈಲಿನಲ್ಲಿ ದಿವಾ ಬರುವುದೇ ಇಲ್ಲ" ಎನ್ನುತ್ತಾರೆ ಅವರು.

ಆಮೇಲೆ ಮದುವೆ ಮುಂಜಿಗಳಲ್ಲಿ ದೂರದಿಂದ ಕಂಡದ್ದು ಮಾತ್ರ. 2020ರಲ್ಲಿ ಲಾಕ್‌ಡೌನ್ ಬಂತು. ಎರಡು ಸಲ ಫೋನ್ ಕೈಗೆತ್ತಿಕೊಂಡು, "ಅವನೇ ಮಾಡಲಿ" ಎಂದು ಕೆಳಗಿಟ್ಟರು. 2021ರ ಏಪ್ರಿಲಿನಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ, ಗೆಳೆಯ ತೀರಿಕೊಂಡ ಸುದ್ದಿ ಬಂತು. ಮುಖ ನೋಡಲು ಅವಕಾಶವಿರಲಿಲ್ಲ. ಅಡಿಯಿಂದ ಮುಡಿಯವರೆಗೆ ಬಿಳಿ ಅಂಗಿ ತೊಟ್ಟ ನಾಲ್ವರು ಪಾಲಿಕೆಯ ಹುಡುಗರು ಎತ್ತಿಕೊಂಡು ಹೋದರೆಂದು ಗೆಳೆಯನ ಮಗ ಹೇಳಿದರು. ಅವರು ಯಾರು, ಯಾವ ಜಾತಿ, ಯಾವ ಪಕ್ಷ ಎಂದು ಯಾರೂ ಕೇಳಲಿಲ್ಲ. "ಹೆಗಲು ಕೊಡಬೇಕಾದವ ನಾನು. ಒಂದು ಕಿಲೋಮೀಟರ್ ದೂರದಲ್ಲಿ ಕಿಟಕಿಯ ಹತ್ತಿರ ಕೂತಿದ್ದೆ. ಕಾಯಿಲೆ ತಡೆದದ್ದು ಒಂದು ದಿನ. ಅದಕ್ಕಿಂತ ಮೊದಲಿನ ಎರಡು ವರ್ಷ ತಡೆದದ್ದು ನಾನೇ."

ಮುಪ್ಪಿಗೆ ಬೇಕಾದ್ದು

ಪತ್ನಿ 2016ರಲ್ಲಿ ತೀರಿಕೊಂಡ ಮೇಲೆ ಮಾಸ್ಟ್ರು ಒಬ್ಬರೇ. ಮಗಳು ಥಾಣೆಯಲ್ಲಿ. ಪತ್ನಿ ಹಚ್ಚುತ್ತಿದ್ದ ದೇವರ ದೀಪವನ್ನು ಈಗ ಇವರೇ ಹಚ್ಚುತ್ತಾರೆ. ನಂಬಿಕೆ ಬಂತೇ ಎಂದರೆ, "ದೀಪ ಅವಳದ್ದು, ಎಣ್ಣೆ ಮಾತ್ರ ನನ್ನದು" ಎಂಬ ಉತ್ತರ. ಬಲಕಿವಿ ಮಂದವಾಗಿದೆ. ಲೋಕಲಿನ ಮೆಟ್ಟಿಲು ಹತ್ತಲು ಭಯ. 2022ರಲ್ಲಿ ಮೊಮ್ಮಗ 'ಕಾಂತಾರ' ನೋಡಲು ಕರೆದೊಯ್ದಿದ್ದ. ಕನ್ನಡ ಓದಲು ಬಾರದ ಹುಡುಗ ಮನೆಗೆ ಬಂದು ಪಂಜುರ್ಲಿ ಯಾರು, ಗುಳಿಗ ಯಾರು ಎಂದು ಎರಡು ಗಂಟೆ ಕೇಳಿದ. "ಒಂದು ಸಿನಿಮಾ ನನ್ನ ಕೆಲಸ ಮಾಡಿಕೊಟ್ಟಿತು. ದೈವ ಉಂಟಾ ಇಲ್ಲವಾ ಎಂದು ಜಗಳವಾಡಲಿಕ್ಕೆ ಮಾತ್ರ ಅವನಿರಲಿಲ್ಲ" ಎಂದು ಗೆಳೆಯನನ್ನು ನೆನೆಯುತ್ತಾರೆ.

ಊರಿನಲ್ಲಿ ಹಿರಿಯರ ಮನೆಯಿದೆ, ಬೀಗ ಹಾಕಿದೆ. ಅಲ್ಲಿ ಹೋಗಿ ನೆಲೆಸುವ ಆಸೆ 'ಬಂಗಾರದ ಮನುಷ್ಯ' ನೋಡಿದ ದಿನದಿಂದ ಇತ್ತು. ಈಗ ಬಿಟ್ಟಿದ್ದಾರೆ. "ಊರಿನಲ್ಲಿ ಗಾಳಿ ಒಳ್ಳೆಯದುಂಟು, ನೀರು ಒಳ್ಳೆಯದುಂಟು. ನನ್ನ ಮಾತಿಗೆ ಎದುರು ಮಾತಾಡುವವರು ಇಲ್ಲ. ವಯಸ್ಸಾದವರಿಗೆ ಮಾತ್ರೆ, ಊಟ ಎಲ್ಲ ಯಾರಾದರೂ ಕೊಟ್ಟಾರು. ನೀವು ಹೇಳಿದ್ದು ತಪ್ಪು ಮಾಸ್ಟ್ರೇ ಎನ್ನುವವ ಸಿಗುವುದು ಕಷ್ಟ. ಎಲ್ಲರೂ ಹೌದು ಹೌದು ಎನ್ನಲು ಶುರುಮಾಡಿದರೆ ಮುದುಕನಾದೆ ಎಂದು ತಿಳಿಯಬೇಕು."

ಮತ್ತೆ ದಿವಾ ಬಂತು

ಸನ್ಮಾನ ನಿರಾಕರಿಸಿದ ಎರಡು ತಿಂಗಳ ಬಳಿಕ ಒಂದು ಭಾನುವಾರ ಹೊಟೇಲು ಮಾಲಕರು ಮೊದಲು ಬಂದರು. ಇನ್ನೊಬ್ಬರು ಬರುವುದು ಅನುಮಾನವಿತ್ತು. ಮುಕ್ಕಾಲು ಗಂಟೆ ತಡವಾಗಿ ಬಂದು, ಎದುರು ಕುಳಿತು, ಗೋಡೆ ನೋಡಿದರು. ಮಾಸ್ಟ್ರು ಉಪದೇಶ ಮಾಡಲಿಲ್ಲ. ಗೆಳೆಯನಿಗೆ ಸೊನ್ನೆ ಕೊಟ್ಟ ಕತೆಯನ್ನು, ಆ ಎರಡು ಫೋನುಗಳನ್ನು, ಕಿಟಕಿಯನ್ನು ಹೇಳಿದರು. ಅಷ್ಟು ಹೇಳಿ ಚಹಾ ಮಾಡಲು ಒಳಗೆ ಹೋದರು.

ಹೊರಗೆ ಬಂದಾಗ ಇಬ್ಬರೂ ಜಗಳವಾಡುತ್ತಿದ್ದರು. ಅದೇ ಪಕ್ಷ, ಅದೇ ಚುನಾವಣೆ. ಧ್ವನಿ ಏರಿತು. ಮದುವೆಗೆ ಬಾರದ ವಿಷಯವೂ ಬಂತು. ಒಬ್ಬರ ಕಣ್ಣು ತುಂಬಿತು. ಮಾಸ್ಟ್ರು ಸುಮ್ಮನೆ ಕೇಳಿಸಿಕೊಂಡರು. ಅರ್ಧ ಗಂಟೆಯಾದ ಮೇಲೆ ಲೋಟ ಕೆಳಗಿಟ್ಟು ಹೇಳಿದರು: "ದಿವಾ ಬಂತು, ಸಾಕು."

ಇಬ್ಬರೂ ಸುಮ್ಮನಾದರು. ಆಮೇಲೆ ಮಗಳು ಅಳಿಯ ಎಲ್ಲಿದ್ದಾರೆ, ಮಂಡಿನೋವಿಗೆ ಯಾವ ಡಾಕ್ಟರು ಎಂಬ ಮಾತು. ಯಾರೂ ಕ್ಷಮೆ ಕೇಳಲಿಲ್ಲ, ಯಾರೂ ಪಕ್ಷ ಬದಲಿಸಲಿಲ್ಲ. ಹೊರಡುವಾಗ ಹೊಟೇಲು ಮಾಲಕರು ತಮ್ಮ ಕಾರಿನಲ್ಲಿ ಇನ್ನೊಬ್ಬರನ್ನು ಮನೆಯ ತನಕ ಬಿಟ್ಟರು. ಅಂದಿನಿಂದ ತಿಂಗಳಿಗೊಂದು ಭಾನುವಾರ ಆರೇಳು ಮಂದಿ ಹಳೆ ವಿದ್ಯಾರ್ಥಿಗಳು ಮಾಸ್ಟ್ರ ಮನೆಯಲ್ಲಿ ಸೇರುತ್ತಾರೆ. ರಾಜಕೀಯಕ್ಕೆ ಅರ್ಧ ಗಂಟೆ ಮಾತ್ರ. ಅದರ ಮೇಲೆ ದಿವಾ.

ಶಾಲು ಹೊದೆಸುವ ಕಾರ್ಯಕ್ರಮ ಇನ್ನೂ ಆಗಿಲ್ಲ. ಸಂಘ ಸಂಸ್ಥೆಗಳವರಲ್ಲಿ ಮಾಸ್ಟ್ರದ್ದು ಒಂದೇ ಕೋರಿಕೆ: "ಹಿರಿಯರನ್ನು ವೇದಿಕೆಗೆ ಕರೆಯುವುದು ಒಳ್ಳೆಯದೇ. ಜೊತೆಗೆ ಅವರ ಮನೆಗೂ ಒಮ್ಮೆ ಹೋಗಿ, ಕುಳಿತು, ಹತ್ತು ನಿಮಿಷ ಜಗಳವಾಡಿ ಬನ್ನಿ. ಯಾರಿಗಾದರೂ ಫೋನ್ ಮಾಡಲಿಕ್ಕುಂಟು, ಅವನೇ ಮಾಡಲಿ ಎಂದು ಕೂತಿದ್ದರೆ, ಇವತ್ತೇ ಮಾಡಿ."